ಹಬ್ಶಿ ಹೊಲದ ಗೋರಿ

ಹೊಲದಾಗಿನ ಗೋರಿ ಕೆಡವಿಸಿದಾಕಿ ನಾನೇ, ಫುಫು. ಪ್ಲಾಟು ಮಾಡಲಿಕ್ಕೆ ಬಂದಿದ್ದ ಖರೀದಿದಾರನಿಗೆ ನೀವು ಇವತ್ತಿಗೂ ಶಾಪ ಹಾಕ್ತೀರಿ — ಆತನದಲ್ಲ ತಪ್ಪು. ನನ್ನದು, ನಿಮ್ಮ ಅಣ್ಣನ ಮಗಳದು.

ಅವತ್ತು ನೀವು ತೊಗರಿ ಮಾರಲಿಕ್ಕೆ ಬೀದರಿನ ಗಾಂಧಿ ಗಂಜ್ ಮಾರ್ಕೆಟ್ಟಿಗೆ ಹೋಗಿದ್ರಿ. ಅಪ್ಪ ತೀರಿಕೊಂಡ ಮೇಲೆ ಜನವಾಡದ ಹೊಲದಾಗ ಅವರ ಪಾಲು ನನ್ನದಾಗಿತ್ತು. ಅದನ್ನ ಮಾರಿ ಬೀದರಿನಾಗ ಮನಿ ಕಟ್ಟಬೇಕನ್ನೋ ಹುಚ್ಚು ನನಗ. ಗೋರಿ ಕಂಡು ಖರೀದಿದಾರ ಹಿಂಜರಿದ. "ಇದು ಯಾರದುರೀ?" ಅಂದ.

"ಯಾರದೂ ಅಲ್ರೀ. ಬರೇ ಕಲ್ಲು. ತೆಗಸ್ರಿ."

ಬಹಮನಿ ಸುಲ್ತಾನರ ಕಾಲದಾಗ ಆಫ್ರಿಕಾದಿಂದ ಹಬ್ಶಿಯಾಗಿ ಬಂದು, ಈ ಕೆಂಪು ಮಣ್ಣಿನಾಗ ಮಲಗಿದ ನಮ್ಮ ಮೂಲಪುರುಷ — ಬರೇ ಕಲ್ಲು! ರೊಕ್ಕದ ಆಸೆ ಅಂತ ಹೇಳಿ ಪಾರಾಗಬಹುದಿತ್ತು. ಆದರ ನಿಜ ಬ್ಯಾರೇನೇ ಅದ. ಸಾಲ್ಯಾಗ ನನ್ನ ಗುಂಗುರು ಕೂದಲು ಎಳೆದು "ಹಬ್ಶಿ, ಹಬ್ಶಿ" ಅಂತ ಚಾಷ್ಟಿ ಮಾಡತಿದ್ರು. ಆ ಹೆಸರಿನ ಗುರುತೇ ಇರಬಾರದು ಅಂತ... ಹೌದು, ಹಂಗೇ ಅನ್ನಿಸಿತ್ತು.

ಮಧ್ಯಾಹ್ನಕ್ಕೇ ಜೆಸಿಬಿ ಬಂತು. ಸಂಜಿಗೆ ನೀವು ಬಂದ್ರಿ. ಅಳಲಿಲ್ಲ, ಚೀರಲಿಲ್ಲ. ಸೆರಗು ಸೊಂಟಕ್ಕ ಸಿಗಿಸಿ ಒಂದೊಂದೇ ಕಲ್ಲು ಹೆಕ್ಕಿ ತಂದು ಜೋಡಿಸಿದ್ರಿ. ಖರೀದಿದಾರನೇ ಕೆಡವ್ಯಾನ ಅಂತ ತಿಳಕೊಂಡಿದ್ರಿ; ಹೆದರಿ ನಾನೂ ನಾಕು ಕಲ್ಲು ಎತ್ತಿ ಕೊಟ್ಟೆ. ಮರುದಿನ ಬಂದ ಖರೀದಿದಾರನಿಗೆ ಅಂದ್ರಿ, "ನಮ್ಮ ಹಿರಿಯರು ಇಲ್ಲೇ ಮಲಗ್ಯಾರ, ನಾನೂ ಇಲ್ಲೇ ಮಲಗಾಕಿ. ಎಬ್ಬಸ್ತೀಯೇನು? ಎಬ್ಬಸು, ನೋಡೋಣು!" ಆತ ತಿರುಗಿ ನೋಡದೆ ಹೋದ. ಯಪ್ಪಾ, ಎಂಥಾ ಎದೆಗಾರ್ತಿ ನೀವು!

ಅಲ್ಲಿಂದ ಇಲ್ಲಿತನಕ ಹೊಲ ಒಂದು ವರ್ಷನೂ ಬೀಳು ಬಿಟ್ಟಿಲ್ಲ. ಭಾಲ್ಕಿ, ಔರಾದದಿಂದ ನಂಟರು ಮಕ್ಕಳನ್ನ ಕರಕೊಂಡು ಬರ್ತಾರ. ಅವರ ಗುಂಗುರು ತಲಿ ಸವರಿ ನೀವು ಹೇಳ್ತೀರಿ, "ಹಬ್ಶಿ ಅಂದ್ರ ತಲಿ ತಗ್ಗಸಬ್ಯಾಡ್ರಿ, ಈ ಹೊಲ ತೋರಸ್ರಿ." ನಿಮ್ಮನ್ನ ನೋಡಿ ನನ್ನ ಎದಿ ಉಬ್ಬತದ. ನಿಮ್ಮ ರಕ್ತ ನನ್ನ ಮೈಯಾಗೂ ಅದ ಅಂತ ಈಗ ಹೆಮ್ಮೆ ಪಡ್ತೇನಿ — ಎಷ್ಟು ತಡವಾಗಿ!

ನಿನ್ನೆ ನಂಟರೆಲ್ಲರ ಮುಂದ ಅಂದ್ರಿ, "ನನ್ನ ಪಾಲೂ ಈಕಿಗೇ. ಅವತ್ತು ನನ್ನ ಬಾಜೂ ನಿಂತಾಕಿ ಈಕಿ ಒಬ್ಬಾಕಿನೇ." ನಾನು ಎದ್ದು ಎಲ್ಲರಿಗೂ ಚಾ ತರಲಿಕ್ಕೆ ಒಳಗ ಹೋದೆ.

ನಾಳೆ ಅವರೆಲ್ಲರ ಎದುರಿಗೇ ಇದನ್ನ ಹೇಳ್ತೇನಿ. ಆಮೇಲೆ ಹೊಲ ಯಾರಿಗೆ ಕೊಡಬೇಕೋ ನೀವು ನೋಡ್ರಿ. ನನಗ ಕೊಡಬ್ಯಾಡ್ರಿ, ಫುಫು. ಸುಗ್ಗಿಗೆ ಮಾತ್ರ ಕರೀರಿ — ಕೂಲಿಯವರ ಜೊತಿ ಬಂದು ತೊಗರಿ ಕೊಯ್ತೇನಿ.