ಎರಡನೇ ವರ್ಷದ ಕಟ್ಟು

ನೀಲಕ್ಕ ಮನೆಯೊಳಗೂ ಕೋಟು ತೆಗೆಯುತ್ತಿರಲಿಲ್ಲ. ಬೂದು ಬಣ್ಣದ, ಮೊಣಕಾಲವರೆಗೆ ಇಳಿಯುವ ಉಣ್ಣೆಯ ಕೋಟು. ಅದರ ಕೆಳಗೆ ಇಳಕಲ್ ಸೀರೆಯ ಅಂಚು, ಅದರ ಕೆಳಗೆ ಕಾಲುಚೀಲ. ರೊಟ್ಟಿ ತಟ್ಟುವಾಗ ತೋಳು ಮಡಚಿಕೊಳ್ಳುತ್ತಿದ್ದರು, ಅಷ್ಟೆ. ಮನೆಯಲ್ಲಿ ಹೀಟಿಂಗ್ ಚೆನ್ನಾಗಿಯೇ ಇರುತ್ತಿತ್ತು. "ಯಾಕಕ್ಕ, ಸೆಖೆಯಾಗಲ್ವಾ?" ಎಂದು ಒಮ್ಮೆ ಕೇಳಿದ್ದಕ್ಕೆ, "ಎಲ್ಲಿಗಾದ್ರೂ ಹೋಗೋದಾದ್ರೆ ಹಾಕ್ಕೊಳ್ಳೋಕೆ ತಡ ಆಗಬಾರದಲ್ಲ" ಎಂದಿದ್ದರು. ಅವರು ಎಲ್ಲಿಗೂ ಹೋಗುತ್ತಿರಲಿಲ್ಲ.

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಕಾರಿಲ್ಲದೆ ಎಲ್ಲಿಗೆ ಹೋಗುವುದು? ಅವರ ಗಂಡ ಪಾಟೀಲರು ಕಾರು ಕಟ್ಟುವ ಕಾರ್ಖಾನೆಯಲ್ಲೇ ಎಂಜಿನಿಯರ್. ಮನೆ ಮುಂದೆ ಎರಡು ಕಾರು ನಿಂತಿರುತ್ತಿದ್ದವು. ಇಪ್ಪತ್ತನಾಲ್ಕು ವರ್ಷದಲ್ಲಿ ನೀಲಕ್ಕ ಒಮ್ಮೆಯೂ ಸ್ಟಿಯರಿಂಗ್ ಮುಟ್ಟಿದವರಲ್ಲ. ಕಲಿಯುತ್ತೇನೆ ಎಂದು ಯಾವಾಗಲೋ ಕೇಳಿದ್ದರಂತೆ. "ಯಾಕ ಬೇಕದು? ನಾ ಇಲ್ಲೇನು?" ಎಂದರಂತೆ ಪಾಟೀಲರು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನೂ ನನ್ನ ಗಂಡ ರವಿಯೂ ಮೈಸೂರಿನಿಂದ ಬಂದಿಳಿದ ದಿನ ವಿಮಾನ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋದವರು ಅವರೇ. ಬಾಡಿಗೆ ಮನೆಗೆ ನಮ್ಮ ಪರವಾಗಿ ಪತ್ರ ಬರೆದುಕೊಟ್ಟವರೂ ಅವರೇ. ಆದರೆ ಹೆಂಡತಿ ಏನು ಕೇಳಿದರೂ ಅವರ ಮೊದಲ ಮಾತು "ಯಾಕ ಬೇಕದು?" ಎಂದೇ. ಕೇಳುವವರು ಕ್ರಮೇಣ ಕೇಳುವುದನ್ನೇ ಬಿಡುತ್ತಾರೆ.

ರವಿ ಆಸ್ಪತ್ರೆಯಲ್ಲಿ ರಿಜಿಸ್ಟ್ರಾರ್ ದರ್ಜೆಯ ಡಾಕ್ಟರ್. ನಾನೂ ಡಾಕ್ಟರೇ, ಆದರೆ ಇಲ್ಲಿನ ಪರೀಕ್ಷೆ ಪಾಸಾಗುವವರೆಗೆ ಮನೆಯಲ್ಲಿ ಕೂತವಳು. ಎರಡು ಸಲ ಕಟ್ಟಿ ಎರಡು ಸಲವೂ ಫೇಲಾಗಿದ್ದೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತಿತ್ತು. ಪುಸ್ತಕದ ಮುಂದೆ ಕೂತು ಗೋಡೆ ನೋಡುತ್ತಿದ್ದೆ. ಮೂರು ಮನೆ ಆಚೆ ನೀಲಕ್ಕ ಇರದಿದ್ದರೆ ಆ ದಿನಗಳು ಹೇಗೆ ಕಳೆಯುತ್ತಿದ್ದವೋ ಗೊತ್ತಿಲ್ಲ.

ನನಗೆ ಜ್ವರ ಬಂದಾಗ ಅವರು ಬಂದು ಮೊದಲು ಮಾಡಿದ ಕೆಲಸ ಹಾಸಿಗೆ ಸರಿಮಾಡಿದ್ದು. ಹೊದಿಕೆಯ ಮೂಲೆಗಳನ್ನು ಲಕೋಟೆ ಮಡಚಿದ ಹಾಗೆ ಮಡಚಿ, ಒಂದು ಸುಕ್ಕೂ ಉಳಿಯದಂತೆ ಎಳೆದು, ನನ್ನನ್ನು ಮಲಗಿಸಿ, ಮಣಿಕಟ್ಟು ಹಿಡಿದು ವಾಚು ನೋಡಿದರು. ಮಕ್ಕಳು ಸಿಕ್ಕರೆ ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿ, "ರಕ್ತ ಕಡಿಮೆ ಇದೆ, ಬೆಲ್ಲ-ಶೇಂಗಾ ಕೊಡಿ" ಎನ್ನುತ್ತಿದ್ದರು. ಡಾಕ್ಟರುಗಳ ಹೆಂಡತಿಯರು ಹಿಂದಿನಿಂದ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆ ವರ್ಷದ ದೀಪಾವಳಿಗೆ ಕನ್ನಡದವರೆಲ್ಲ ಒಂದು ಸಭಾಂಗಣದಲ್ಲಿ ಸೇರಿದ್ದೆವು. ಮೂರು ವರ್ಷದ ಮಗುವೊಂದು ಶೇಂಗಾ ಕಾಳು ಗಂಟಲಿಗೆ ಸಿಕ್ಕಿಸಿಕೊಂಡು ನೀಲಿಗಟ್ಟತೊಡಗಿತು. ಕೋಣೆಯಲ್ಲಿ ಏಳೆಂಟು ಮಂದಿ ಡಾಕ್ಟರುಗಳಿದ್ದೆವು. ನಾವು ತಟ್ಟೆ ಕೆಳಗಿಡುವಷ್ಟರಲ್ಲಿ ನೀಲಕ್ಕ ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಅಂಗೈಯಿಂದ ನಾಲ್ಕು ಏಟು ಹೊಡೆದಾಗಿತ್ತು. ಕಾಳು ನೆಲಕ್ಕೆ ಬಿತ್ತು, ಮಗು ಅತ್ತಿತು. ಎಲ್ಲರೂ ಅವರ ಸುತ್ತ ನೆರೆದಾಗ ಪಾಟೀಲರು ದೂರದಿಂದಲೇ, "ಸಾಕು, ಬಾ, ಊಟಕ್ಕ ತಡ ಆಗೈತಿ" ಎಂದರು. ನೀಲಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಎದ್ದುಹೋದರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

೨೦೦೩ರ ಡಿಸೆಂಬರ್. ರವಿ ನನ್ನ ಬೇಸರ ನೋಡಲಾರದೆ ಕೋಚ್ ಬಸ್ಸಿನ ಪ್ರವಾಸವೊಂದನ್ನು ಗೊತ್ತುಮಾಡಿದ್ದ. ಹಡಗಿನಲ್ಲಿ ಕಡಲು ದಾಟಿ ಬೆಲ್ಜಿಯಂನ ಬ್ರೂಜ್ ಎಂಬ ಹಳೆಯ ಊರಿಗೆ, ನಾಲ್ಕು ದಿನ. ಕೊನೆಯ ವಾರದಲ್ಲಿ ಅವನ ರೋಟಾ, ಅಂದರೆ ಡ್ಯೂಟಿಯ ಪಟ್ಟಿ, ಬದಲಾಗಿ ರಜೆ ರದ್ದಾಯಿತು. ಒಬ್ಬಳೇ ಹೋಗಲು ನನಗೆ ಧೈರ್ಯವಿರಲಿಲ್ಲ. ನೀಲಕ್ಕನ ಅಡುಗೆಮನೆಯಲ್ಲಿ ಕೂತು, "ನೀವು ಬರ್ತೀರಾ ಅಕ್ಕ, ಬೆಲ್ಜಿಯಂಗೆ?" ಎಂದು ಕೇಳಿದೆ. ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. "ಬೆಲ್ಜಿಯಂ?" ಎಂದರು. ತವೆಯ ಮೇಲಿನ ರೊಟ್ಟಿ ಸೀದುಹೋಯಿತು. ಅವರ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪಾಟೀಲರನ್ನು ನಾನೇ ಒಪ್ಪಿಸಿದೆ. "ಥಂಡ್ಯಾಗ ಯಾಕ ಬೇಕು" ಎಂದು ಎರಡು ದಿನ ಅಂದು, ಕೊನೆಗೆ ನನ್ನ ಮುಖ ನೋಡಿ ಹೂಂ ಅಂದರು. ಹೊರಡುವ ಬೆಳಿಗ್ಗೆ ಕೋಚಿನ ಬಳಿ ಬಂದು ನೀಲಕ್ಕನ ಪಾಸ್‌ಪೋರ್ಟನ್ನು ನನ್ನ ಕೈಗಿಟ್ಟರು. "ಅಕಿ ಕಳಕೋತಾಳ. ನೀ ಇಟ್ಕೊ. ಬಂದಮ್ಯಾಲೆ ನನಗ ಕೊಡು." ನೀಲಕ್ಕ ಪಕ್ಕದಲ್ಲೇ ನಿಂತು ರಸ್ತೆ ನೋಡುತ್ತಿದ್ದರು. ನಾನು ಅದನ್ನು ನನ್ನ ಪಾಸ್‌ಪೋರ್ಟಿನ ಜೊತೆ ಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆದೆ.

ಬ್ರೂಜ್ ಚೆಂದದ ಊರು. ಕಲ್ಲು ಹಾಸಿದ ಬೀದಿ, ಅಂಚಿಗೆ ಮಂಜುಗಟ್ಟಿದ ಕಾಲುವೆಗಳು, ದೊಡ್ಡ ಗಡಿಯಾರ ಗೋಪುರ, ಅದರ ಕೆಳಗೆ ಕ್ರಿಸ್‌ಮಸ್ ಅಂಗಡಿಗಳ ಸಾಲು. ಗೈಡ್ ತೋರಿಸಿದ ಕಡೆಗೆಲ್ಲ ನೀಲಕ್ಕ ತಲೆ ತಿರುಗಿಸುತ್ತಿದ್ದರು, ಆದರೆ ನೋಡುತ್ತಿರಲಿಲ್ಲ. ಮೂರನೇ ದಿನ ಸಂಜೆ ಹೋಟೆಲಿನ ಕೋಣೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಟ್ಟು ಕೂತಾಗ ಅವರು ಕೇಳಿದರು. ನಮ್ಮೊಂದಿಗೆ ಮಾತಾಡುವಾಗ ಬಳಸುತ್ತಿದ್ದ ಬೆಂಗಳೂರು ಕನ್ನಡ ಆಗ ಕಳಚಿಬಿದ್ದಿತ್ತು.

"ಸುಮಾ, ನನ್ನ ಪಾಸ್‌ಪೋರ್ಟ್ ಕೊಡ್ತೀಯೇನು? ನಾಳಿಗಿ ಗೆಂಟ್‌ಗೆ ಹೋಗಬೇಕು. ರೈಲಿನ್ಯಾಗ ಅರ್ಧ ತಾಸಂತ, ಕೆಳಗ ಕೇಳೇನಿ."

ಕೈಚೀಲದಿಂದ ಒಂದು ಹಳೆಯ ಕ್ರಿಸ್‌ಮಸ್ ಕಾರ್ಡು ತೆಗೆದು ತೋರಿಸಿದರು. ಹಿಂಬದಿಯಲ್ಲಿ ಗೆಂಟ್ ಊರಿನ ವಿಳಾಸ. ಆಗ ಗೊತ್ತಾಯಿತು. ಬಾದಾಮಿ ಕಡೆಯ ಒಂದು ಸಣ್ಣ ಮಿಷನ್ ಆಸ್ಪತ್ರೆಯಲ್ಲಿ ನೀಲಕ್ಕ ನರ್ಸಿಂಗ್ ಕಲಿಯುತ್ತಿದ್ದರು. ಕಲಿಸುತ್ತಿದ್ದವರು ಸಿಸ್ಟರ್ ಮಾರ್ತಾ, ಬೆಲ್ಜಿಯಂನವರು. ಮೂರು ವರ್ಷದ ಕೋರ್ಸಿನಲ್ಲಿ ಎರಡು ಮುಗಿದಾಗ ಇಂಗ್ಲೆಂಡಿನ ಗಂಡು ಬಂತು. "ಅಲ್ಲಿ ಹೋಗಿ ಮುಗಿಸಬಹುದು ಅಂದ್ರು" ಎಂದರು ನೀಲಕ್ಕ. ವಯಸ್ಸಾದ ಮೇಲೆ ಸಿಸ್ಟರ್ ತಮ್ಮ ದೇಶಕ್ಕೆ ಮರಳಿ ಸನ್ಯಾಸಿನಿಯರ ಕಾನ್ವೆಂಟಿನಲ್ಲಿದ್ದರು. ಪ್ರತಿ ವರ್ಷ ನೀಲಕ್ಕನ ತವರಿಗೆ ಕಾರ್ಡು ಕಳಿಸುತ್ತಿದ್ದರು, ಅಣ್ಣ ಅದನ್ನು ಸೊಲಿಹಲ್‌ಗೆ ಕಳಿಸುತ್ತಿದ್ದ. ನೀಲಕ್ಕ ಒಂದಕ್ಕೂ ಉತ್ತರ ಬರೆದಿರಲಿಲ್ಲ. "ಏನಂತ ಬರೀಲಿ? ಮುಗಿಸಿಲ್ಲ ಅಂತ ಬರೀಬೇಕಲ್ಲ."

ನನಗೆ ಪಾಟೀಲರ ಮುಖ ನೆನಪಾಯಿತು. ಇವರಿಗೆ ದಾರಿ ತಪ್ಪಿದರೆ, ಪರದೇಶದಲ್ಲಿ ಏನಾದರೂ ಆದರೆ ಅವರಿಗೆ ನಾನೇನು ಉತ್ತರ ಕೊಡಲಿ? ಇವರಿಗಾಗಿ ಕಾದು ಕೋಚು ತಪ್ಪಿದರೆ ಎಂದು ನನ್ನ ವೀಸಾ ನೆನಪಾಯಿತು, ಅದೂ ಆ ನಾಲ್ಕೇ ದಿನದ್ದು. ಬಾಯಿಂದ ಸುಳ್ಳು ಸಲೀಸಾಗಿ ಬಂತು.

"ಗೈಡ್ ಹತ್ರ ಕೊಟ್ಟುಬಿಟ್ಟಿದ್ದೀನಿ ಅಕ್ಕ. ವಾಪಸ್ ಹೋಗುವಾಗಲೇ ಕೊಡೋದಂತೆ."

"ಹೌದೇನು" ಎಂದರು. ಕಾರ್ಡನ್ನು ಮಡಚಿ ಒಳಗಿಟ್ಟರು. ರೊಟ್ಟಿಯ ಡಬ್ಬಿಯನ್ನೂ ಮುಚ್ಚಿದರು.

ಮರುದಿನ ಬೆಳಿಗ್ಗೆ ಕಾಲು ನೋಯುತ್ತದೆಂದು ಅವರು ಕೋಣೆಯಲ್ಲೇ ಉಳಿದರು. ನಾನು ಚೌಕಕ್ಕೆ ಹೋಗಿ ಬಿಸಿ ಚಾಕೊಲೇಟ್ ತೆಗೆದುಕೊಂಡು ನಿಂತೆ. ಗೋಪುರದ ಗಂಟೆಗಳು ಏನೋ ರಾಗ ನುಡಿಸುತ್ತಿದ್ದವು. ಕಪ್ಪಿನ ಬಿಸಿ ಆರಿತು, ಕುಡಿಯಲಾಗಲಿಲ್ಲ. ಹೆಗಲ ಮೇಲಿನ ಚೀಲ ಭಾರವಾಗಿತ್ತು. ಮನೆಯಲ್ಲಿ ಕೂತು ಕೂತು ನನಗೆ ಉಸಿರುಕಟ್ಟುತ್ತದೆಂದು ತಾನೇ ನಾನು ಈ ಊರಿಗೆ ಬಂದದ್ದು? ಬಂದವಳು ಇನ್ನೊಬ್ಬರ ಬಾಗಿಲಿಗೆ ಚಿಲಕ ಹಾಕಿದ್ದೆ.

ಕೋಣೆಗೆ ಮರಳಿದಾಗ ಎರಡೂ ಹಾಸಿಗೆಗಳ ಮೂಲೆ ಮಡಚಿ, ಸುಕ್ಕಿಲ್ಲದಂತೆ ಎಳೆದಾಗಿತ್ತು. ನೀಲಕ್ಕ ಕೋಟು ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ನಾನು ಪಾಸ್‌ಪೋರ್ಟನ್ನು ಅವರ ಮುಂದಿಟ್ಟೆ.

"ನನ್ನ ಹತ್ರಾನೇ ಇತ್ತು ಅಕ್ಕ."

"ಗೊತ್ತಿತ್ತು."

"ಮತ್ತೆ ಯಾಕೆ ಸುಮ್ಮನಾದ್ರಿ?"

"ಎರಡನೇ ಸಲ ಕೇಳೂದು ರೂಢಿ ತಪ್ಪೈತಿ" ಎಂದರು.

ಇಬ್ಬರೂ ಹೊರಟೆವು. ದೇಶದೊಳಗಿನ ಆ ರೈಲಿಗೆ ಪಾಸ್‌ಪೋರ್ಟಿನ ಅಗತ್ಯವೇ ಇರಲಿಲ್ಲ, ಯಾರೂ ಕೇಳಲಿಲ್ಲ. ನೀಲಕ್ಕ ಮಾತ್ರ ದಾರಿಯುದ್ದಕ್ಕೂ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಕಾನ್ವೆಂಟಿನ ಸಣ್ಣ ಕೋಣೆಯಲ್ಲಿ, ಕಿಟಕಿಯ ಬಳಿ, ಗಾಲಿಕುರ್ಚಿಯಲ್ಲಿ ತೊಂಬತ್ತರ ಹತ್ತಿರದ ಮುದುಕಿ. ಒಂದು ಕಾಲಿಗೆ ಮೊಣಕಾಲವರೆಗೂ ಬ್ಯಾಂಡೇಜು. ನೀಲಕ್ಕ ಬಾಗಿಲಲ್ಲೇ ನಿಂತು, "ನಾ ನೀಲಮ್ಮ ರೀ, ಸಿಸ್ಟರ್" ಎಂದರು. ಮುದುಕಿ ಕಣ್ಣು ಕಿರಿದು ಮಾಡಿ ನೋಡಿ, ಬಾದಾಮಿ ಸೀಮೆಯ ಕನ್ನಡದಲ್ಲಿ ಕೇಳಿದರು:

"ಯಾವ ನೀಲಮ್ಮ? ಉದ್ದ ಜಡಿ ನೀಲಮ್ಮನೋ, ಗಿಡ್ಡ ನೀಲಮ್ಮನೋ?"

"ಗಿಡ್ಡ ನೀಲಮ್ಮ ರೀ."

"ಬಾ. ಬೆಳಕಿಗೆ ಬಾ. ಕೋರ್ಸ್ ಮುಗಿಸಿದ್ಯೋ ಇಲ್ಲೋ?"

ನೀಲಕ್ಕ ಸುಳ್ಳು ಹೇಳುವವರಲ್ಲ. ಒಂದು ಗಳಿಗೆಯಷ್ಟೂ ತಡೆಯದೆ, "ಮುಗಿಸೀನ್ರಿ" ಎಂದರು.

"ಕೆಲಸ ಎಲ್ಲಿ?"

"ಇಂಗ್ಲಂಡಿನ್ಯಾಗ್ರಿ. ದೊಡ್ಡ ದವಾಖಾನಿ. ಹೆಣ್ಣುಮಕ್ಕಳ ವಾರ್ಡು." ಆಮೇಲೆ ಅವರು ನಿಲ್ಲಲಿಲ್ಲ. ವಾರ್ಡಿನಲ್ಲಿ ಎಷ್ಟು ಹಾಸಿಗೆ, ಕಿಟಕಿ ಪಕ್ಕದ ಮುದುಕಿ ಔಷಧಿ ನುಂಗದೆ ದಿಂಬಿನ ಕೆಳಗೆ ಬಚ್ಚಿಡುವುದು, ಹೊಸ ಹುಡುಗಿಯರಿಗೆ ತಾವು ಬೈಯುವುದು, ತಿಂಗಳಿಗೊಮ್ಮೆ ಬರುವ ನೈಟ್ ಡ್ಯೂಟಿ, ಎಲ್ಲ ಹೇಳಿದರು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ಅದು ಆ ಕ್ಷಣಕ್ಕೆ ಕಟ್ಟಿದ ಕಥೆಯಲ್ಲ. ಇಪ್ಪತ್ತನಾಲ್ಕು ವರ್ಷ ಆ ಅಡುಗೆಮನೆಯಲ್ಲಿ ನಿಂತು ಅವರು ದಿನವೂ ಆ ವಾರ್ಡಿಗೆ ಹೋಗಿಬರುತ್ತಿದ್ದರು.

ಸಿಸ್ಟರ್ ಎಲ್ಲ ಕೇಳಿಸಿಕೊಂಡು ಕಾಲು ಮುಂದೆ ಚಾಚಿದರು. "ಹಂಗಾದ್ರ ಇದನ್ನ ಬಿಚ್ಚಿ ಕಟ್ಟು. ಇಲ್ಲಿ ಹುಡುಗ್ಯಾರಿಗೆ ನೆಟ್ಟಗ ಬರಂಗಿಲ್ಲ."

ನೀಲಕ್ಕ ಕೋಟು ತೆಗೆದು ಕುರ್ಚಿಗೆ ಹಾಕಿದರು. ಕೈ ತೊಳೆದು ಬಂದು ನೆಲದ ಮೇಲೆ ಕೂತು, ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಬಿಚ್ಚಿದರು. ಹಳೆಯ ಹುಣ್ಣು. ಅದನ್ನು ಒರೆಸಿ, ಹೊಸ ಬಟ್ಟೆ ಇಟ್ಟು, ಪಾದದಿಂದ ಮೇಲಕ್ಕೆ ಸುತ್ತು ಸುತ್ತಾಗಿ ಕಟ್ಟಿದರು. ಮುಗಿದ ಮೇಲೆ ಸಿಸ್ಟರ್ ಬಾಗಿ ಬೆರಳಿನಿಂದ ತಡವಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದು ಎರಡನೇ ವರ್ಷದ ಹುಡುಗ್ಯಾರ ಕಟ್ಟು, ನೀಲಮ್ಮ."

ನೀಲಕ್ಕ ತಲೆ ಎತ್ತಲಿಲ್ಲ. ಪಟ್ಟಿಯ ತುದಿಯ ಮೇಲಿದ್ದ ಅವರ ಬೆರಳು ಹಾಗೇ ಉಳಿಯಿತು.

"ಬಿಚ್ಚು" ಎಂದರು ಸಿಸ್ಟರ್. "ಮೂರನೇ ವರ್ಷದ್ದು ನಾ ಹೇಳ್ತೀನಿ. ಪಾದಕ್ಕ ಎರಡು ಸುತ್ತು, ಆಮ್ಯಾಲೆ ಎಂಟರ ಅಂಕಿ ತಿದ್ದಿದಂಗ ತರಬೇಕು. ಬಿಗಿ ಕೆಳಗ, ಸಡಿಲ ಮ್ಯಾಲ. ಹೂಂ."

ನೀಲಕ್ಕ ಬಿಚ್ಚಿದರು, ಕಟ್ಟಿದರು. ಸಿಸ್ಟರ್ ಮತ್ತೆ ಬಿಚ್ಚಿಸಿದರು. ಮೂರನೇ ಸಲಕ್ಕೆ ಮುದುಕಿ, "ಆತು, ಈಗ ಪಾಸು" ಎಂದು ಕುರ್ಚಿಗೆ ಒರಗಿದರು. ನಾವು ಹೊರಡುವಾಗ ನೀಲಕ್ಕನ ತಲೆಯ ಮೇಲೆ ಕೈಯಿಟ್ಟು, "ಪಾಸಾಗಾಕ ಭಾಳ ದಿನ ಹಚ್ಚಿದಿ" ಎಂದರು, ಅಷ್ಟೆ.

ಊರಿಗೆ ಮರಳುವ ನಾಲ್ಕು ಗಂಟೆಯ ಕೋಚಿಗೆ ಹತ್ತು ನಿಮಿಷ ತಡವಾಗಿ ಓಡುತ್ತ ಬಂದೆವು. ಎಲ್ಲರೂ ಗಡಿಯಾರ ನೋಡಿ ಮುಖ ಸಿಂಡರಿಸಿದರು. ಕತ್ತಲಿನ ಹೆದ್ದಾರಿಯಲ್ಲಿ ನೀಲಕ್ಕ ಮೆಲ್ಲಗೆ ಕೇಳಿದರು, "ಅಷ್ಟ ಸುಳ್ಳ ಹೇಳಿದ್ನಲ್ಲಾ, ನಿನಗ ಹೇಸಿಗಿ ಆತೇನು?"

"ನಾನೂ ನಿಮಗೆ ಹೇಳಿದ್ದೆನಲ್ಲ ಅಕ್ಕ."

"ನಿಂದು ಅಂಜಿಕಿ ಸುಳ್ಳು" ಎಂದರು. ತಮ್ಮದು ಯಾವ ಸುಳ್ಳೆಂದು ಹೇಳಲಿಲ್ಲ.

ಸೊಲಿಹಲ್‌ನಲ್ಲಿ ಕೋಚು ಇಳಿದಾಗ ಪಾಟೀಲರು ಕಾದಿದ್ದರು. ಹೇಗಿತ್ತು ಎಂದು ಕೇಳಿ, ನನ್ನೆಡೆಗೆ ಕೈ ಚಾಚಿದರು. "ಪಾಸ್‌ಪೋರ್ಟ್?"

"ಅಕ್ಕನ ಹತ್ರ ಇದೆ" ಎಂದೆ.

ಚಾಚಿದ ಕೈ ನೀಲಕ್ಕನ ಕಡೆಗೆ ತಿರುಗಿತು. ನೀಲಕ್ಕ ಕೈಚೀಲ ತೆರೆದು, ಪಾಸ್‌ಪೋರ್ಟ್ ತೆಗೆದು, ಅವರ ಅಂಗೈ ಮೇಲಿಟ್ಟರು. ನನಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಆ ಚಳಿಗಾಲವಿಡೀ ನಾನು ಅವರ ಮೇಲೆ ಒಳಗೊಳಗೇ ಸಿಟ್ಟಾಗಿದ್ದೆ.

ಮುಂದಿನ ವರ್ಷ ನನ್ನ ಪರೀಕ್ಷೆ ಪಾಸಾಯಿತು. ೨೦೦೫ರಲ್ಲಿ ನನಗೂ ರವಿಗೂ ಮ್ಯಾಂಚೆಸ್ಟರಿನಲ್ಲಿ ಕೆಲಸ ಸಿಕ್ಕಿ, ಅದರ ಪಕ್ಕದ ಸ್ಟಾಕ್‌ಪೋರ್ಟಿಗೆ ಮನೆ ಬದಲಾಯಿಸಿದೆವು. ಬೀಳ್ಕೊಳ್ಳಲು ಹೋದ ದಿನ ನೀಲಕ್ಕ ಒಂದು ಅರ್ಜಿ ತೋರಿಸಿದರು. ಮನೆಯಿಂದ ಹತ್ತು ನಿಮಿಷ ನಡೆದರೆ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕೇರ್ ಹೋಮ್ ಇತ್ತು. ಅಲ್ಲಿ ಸಹಾಯಕಿಯ ಕೆಲಸ. ತರಬೇತಿ ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು: ನರ್ಸಿಂಗ್, ಎರಡು ವರ್ಷ, ಮುಗಿಸಿಲ್ಲ.

"ಎಲ್ಲ ಆಗೈತಿ. ಪಾಸ್‌ಪೋರ್ಟ್ ತೋರಿಸಬೇಕಂತ" ಎಂದರು.

"ಕೇಳಿದ್ರಾ?"

"ದಿನಾ ಚಾ ಕೊಡುಮುಂದ ಕೇಳ್ತೀನಿ. ಯಾಕ ಬೇಕು ಅಂತಾರ. ಕೆಲಸಕ್ಕ ಅಂತೀನಿ. ಅವರು ಪೇಪರ್ ಓದ್ತಾರ. ಇವತ್ತಿಗೆ ಐವತ್ತು ದಿನ ಆಗಿರಬೇಕು." ಮುಖದಲ್ಲಿ ಸಿಟ್ಟಿರಲಿಲ್ಲ. ನಾಳೆಯೂ ಕೇಳುತ್ತಾರೆಂಬುದು ಮಾತ್ರ ಕಾಣುತ್ತಿತ್ತು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಹೊಸ ಕೆಲಸ, ಆಮೇಲೆ ಬಸಿರು, ಬಾಣಂತನ. ಒಂದೂವರೆ ವರ್ಷ ಫೋನ್ ಕೂಡ ಮಾಡಲಾಗಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮಗು ಮಲಗಿದ್ದಾಗ ಮಾಡಿದೆ. ಪಾಟೀಲರು ಎತ್ತಿಕೊಂಡರು. ಕ್ಷೇಮಸಮಾಚಾರ ಆಯಿತು.

"ಅಕ್ಕ ಇದ್ದಾರಾ?"

"ಇಲ್ಲ."

"ಇಲ್ಲ ಅಂದ್ರೆ?"

"ಡ್ಯೂಟಿಗೆ ಹೋಗ್ಯಾಳ."

ಫೋನನ್ನು ಇನ್ನೊಂದು ಕಿವಿಗೆ ಹಿಡಿದು, "ಎಷ್ಟು ಗಂಟೆಗೆ ಬರ್ತಾರೆ?" ಎಂದು ಕೇಳಿದೆ.

"ವಾರಾ ವಾರಾ ಬದಲ ಆಗ್ತದವ್ವಾ ಅದು. ರೋಟಾ ಫ್ರಿಜ್ಜಿಗೆ ಅಂಟಿಸಿ ಹೋಗ್ಯಾಳ" ಎಂದರು ಪಾಟೀಲರು. "ತಡಿ, ಚಸ್ಮಾ ಎಲ್ಲಿಟ್ಟೀನಿ ನೋಡ್ತೀನಿ."

ರಿಸೀವರ್ ಮೇಜಿನ ಮೇಲೆ ಇಟ್ಟ ಸದ್ದಾಯಿತು. ಅವರು ಒಂದೊಂದೇ ಡ್ರಾವರ್ ಎಳೆದು ನೋಡುವುದು ಕೇಳಿಸುತ್ತಿತ್ತು. ನಾನು ಕಾಯುತ್ತ ಕೂತೆ.