ಕರಿ ಉಣ್ಣೆಯ ಗಂಟು

ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಫೋನು ಬಂತು. ಹೊಸದುರ್ಗದ ಕಾಲೇಜೊಂದರ ಗೇಟಿನ ಪಕ್ಕ ಮೇಜು ಹಾಕಿಕೊಂಡು ಅಣ್ಣನ ಪತ್ತೇದಾರಿ ಕಾದಂಬರಿಯ ಪ್ರತಿಗಳನ್ನು ಜೋಡಿಸುತ್ತಿದ್ದೆ. ಆ ಕಡೆ ಇದ್ದವರು ನಮಗೆ ಉಣ್ಣೆ ಕೊಟ್ಟಿದ್ದ ಕುರಿ ಕಾಯುವ ಅಜ್ಜ.

"ತಾಯೀ, ಆ ದಾರ ನೀವೇ ತಗಂಡು ಹೋಗಿದ್ದು ಅಂತ ಇವ್ರಿಗೊಂದು ಮಾತು ಹೇಳ್ರಿ. ನಾ ಹೇಳಿದ್ರೆ ನಂಬ್ತಿಲ್ಲ."

ಹಿಂದೆ ಯಾರೋ "ಫೋನ್ ಕಿತ್ಕಳ್ರಲೇ" ಎಂದರು. ಕರೆ ನಿಂತಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಅಣ್ಣನ ಕಾದಂಬರಿ ನಮ್ಮ ಜಿಲ್ಲೆಯಲ್ಲಿ ಚೆನ್ನಾಗಿ ಓಡಿತ್ತು. ಅದರಲ್ಲಿ ಕೊಲೆಗಾರ ಕೊಲ್ಲುವ ಹಿಂದಿನ ದಿನ ಆ ಮನೆಯ ಚಿಲಕಕ್ಕೆ ಕರಿ ಉಣ್ಣೆಯ ಗಂಟೊಂದನ್ನು ಕಟ್ಟಿ ಹೋಗುತ್ತಾನೆ. ಎರಡನೇ ಮುದ್ರಣಕ್ಕೆ ಪುಸ್ತಕದ ಜೊತೆ ಏನೇನು ಮಾಡಿಸಿ ಮಾರಬಹುದು, ಹಂಚಬಹುದು ಎಂದು ಚಿತ್ರದುರ್ಗದಲ್ಲಿ ನಾವು ಭಾಯಿ ಎಂದು ಕರೆಯುವ ಮುದ್ರಕರ ಅಂಗಡಿಯಲ್ಲಿ ಕೂತು ಮಾತಾಡಿದ್ದೆವು. ರಕ್ತದ ಹನಿ ಬಿಡಿಸಿದ ಚಹಾ ಕಪ್ ಮಾಡಿಸೋಣ ಎಂದ ಅಣ್ಣ.

"ಅದ್ರಾಗೆ ಚಾ ಹಾಕಿದ್ರೆ ಗಂಟ್ಲಾಗೆ ಇಳೀತೈತೇನ್ರಿ ಸಾರ್?" ಎಂದು ಭಾಯಿ ನಕ್ಕರು.

ಟೀ ಶರ್ಟು, ಕೀಚೈನು, ಕಥೆ ನಡೆಯುವ ಜಾಗಗಳ ಭೂಪಟ, ಹಿರಿಯೂರು ಹೊಳಲ್ಕೆರೆ ಬಸ್‌ಸ್ಟ್ಯಾಂಡುಗಳಲ್ಲಿ ಪೋಸ್ಟರು ಎಂದೆಲ್ಲ ಮಾತು ಹೋಯಿತು. ಕೊನೆಗೆ ಎಲ್ಲರಿಗೂ ಹಿಡಿಸಿದ್ದು ನಿಜವಾದ ಗಂಟು. ಪ್ರತಿ ಪುಸ್ತಕದೊಳಗೂ ಪುಟದ ಗುರುತಿಗೆ ಒಂದು. ಮದಕರಿಪುರದ ನಮ್ಮ ಹೊಲದಲ್ಲಿ ವರ್ಷಕ್ಕೊಮ್ಮೆ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುವ ಅಜ್ಜ, ನಡೆಯುತ್ತ ನಡೆಯುತ್ತಲೇ ಉಣ್ಣೆ ನೂಲುವವರು. ಅವರೇ ಹೊಸೆದು ಕೊಟ್ಟರು. "ಪುಸ್ತಕಕ್ಕೂ ಚಳಿ ಆಗ್ತೈತೇನವ್ವ?" ಎಂದು ಕೇಳಿದ್ದರು.

ಅಣ್ಣ ಅಷ್ಟಕ್ಕೇ ನಿಲ್ಲಲಿಲ್ಲ. ಕಾದಂಬರಿ ಶುರುವಾಗುವುದು ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ. ಹಾಗಾಗಿ ಫೋನು ಬಂದ ಹಿಂದಿನ ಸಂಜೆ ಆ ಊರಿನ ಒಂದಷ್ಟು ಮನೆಗಳ ಚಿಲಕಕ್ಕೆ ನಿಜವಾಗಿಯೂ ಗಂಟು ಕಟ್ಟಿ ಬಂದಿದ್ದ. ಪುಸ್ತಕದ ಹೆಸರಿನ ಚೀಟಿ ಕಟ್ಟುವುದು ಮುಂದಿನ ವಾರ. "ಅಲ್ಲೀವರ್ಗೂ ಜನ ತಲೆ ಕೆಡಿಸ್ಕಳ್ಳಲಿ ಬಿಡು" ಎಂದಿದ್ದ. ಅಜ್ಜನ ಮಂದೆ ಆ ವಾರ ಮತ್ತೋಡಿನ ಹೊಲದಲ್ಲೇ ಇಳಿದಿದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಅಣ್ಣ ಹಿರಿಯೂರಿನಲ್ಲಿ ಭಾಷಣ ಮಾಡುತ್ತಿದ್ದ, ಅವನ ಫೋನು ಬಂದ್. ದಾರದ ಮಾತು ಬಂದ ಮೇಲೆ ಅದು ಮತ್ತೋಡೇ ಇರಬೇಕು ಎಂದುಕೊಂಡು, ಪೊಲೀಸರಿಗೆ ವಿಷಯ ಹೇಳಿ, ಒಂದು ಪುಸ್ತಕ ಎತ್ತಿಕೊಂಡು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಬಿಸಿಲು ಎಂದಿನಂತೆಯೇ ಇತ್ತು. ಊರ ಬಾಗಿಲಿನ ಮೊದಲ ಮನೆಯ ಚಿಲಕದಲ್ಲಿ ಗಂಟು ಕಂಡಾಗ, ಅದನ್ನು ಕಟ್ಟಿದ್ದು ಯಾರೆಂದು ಗೊತ್ತಿದ್ದರೂ ಸ್ಕೂಟರ್ ನಿಲ್ಲಿಸಿಬಿಟ್ಟೆ.

ಕಳ್ಳರು ಮನೆಗಳಿಗೆ ಗುರುತು ಹಾಕಿ ಹೋಗಿದ್ದಾರೆ ಎಂದು ಊರೆಲ್ಲ ಫೋನುಗಳಲ್ಲಿ ಸುದ್ದಿ ಹಬ್ಬಿತ್ತು. ಹೊರಗಿನಿಂದ ಬಂದು ಇಳಿದವರು ಅಜ್ಜ ಒಬ್ಬರೇ. ಅಜ್ಜನ ಚೀಲ ಜಾಲಾಡಿದರೆ ಅದೇ ದಾರ ಸಿಕ್ಕಿತ್ತು. ಇನ್ನೇನು ಬೇಕು?

ಅಜ್ಜನ ಹಣೆ ಒಡೆದಿತ್ತು. ಅವರು ಗುಂಪಿನ ನಡುವೆ ಹೆಗಲ ಕಂಬಳಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ನಿಂತಿದ್ದರು. ಅವರ ಮಂದಿಯಲ್ಲಿ ನ್ಯಾಯ ಹೇಳುವುದು ಕಂಬಳಿಯ ಮೇಲೆ. ಅಲ್ಲಿ ನಿಂತು ಸುಳ್ಳಾಡುವಂತಿಲ್ಲ, ನಿಂತವನ ಮೇಲೆ ಕೈ ಮಾಡುವಂತಿಲ್ಲ. ಊರಿನ ಹಿರಿಯರು ಅದನ್ನು ತಿಳಿದು ಹಿಂದೆ ಸರಿದಿದ್ದರು. ಪಡ್ಡೆ ಹುಡುಗರಿಗೆ ಅದರ ಪರಿವೆ ಇರಲಿಲ್ಲ. ಒಬ್ಬ ದೊಣ್ಣೆಯ ತುದಿಯಿಂದ ಕಂಬಳಿಯ ಅಂಚನ್ನು ನಿಧಾನಕ್ಕೆ ಮಡಚುತ್ತಿದ್ದ.

"ಗಂಟು ಕಟ್ಟಿದ್ದು ನಮ್ಮಣ್ಣ. ಪುಸ್ತಕದ ಪ್ರಚಾರಕ್ಕೆ" ಎಂದೆ.

"ಪುಸ್ತಕ ಮಾರಾಕೆ ಮಂದಿ ಮನೆಗೆ ಗುರುತು ಹಾಕ್ತಾರಾ? ಇವ್ಳೂ ಇವ್ನ ಕಡೇವ್ಳೇ ಕಣ್ರಲೇ!"

ಹಿಂದಿದ್ದ ದಾರಿ ಮುಚ್ಚಿಕೊಂಡಿತು. ಅಜ್ಜ ಬಗ್ಗಿ, ಮಡಚಿದ ಅಂಚನ್ನು ಬಿಡಿಸಿ, "ಚಪ್ಲಿ ಬಿಟ್ಟು ಮ್ಯಾಲೆ ಬರ್ರಿ ತಾಯಿ" ಎಂದರು. ಬಿಟ್ಟು ಹತ್ತಿದೆ. ಕಾಲಡಿ ಉಣ್ಣೆ ಒರಟಾಗಿ ಚುಚ್ಚುತ್ತಿತ್ತು.

ಜಗುಲಿಯ ಮೇಲಿಂದ ಒಬ್ಬ ಮುದುಕಿ ಕೂಗಿದಳು: "ಕಂಬ್ಳಿ ಮ್ಯಾಲೆ ನಿಂತವ್ಳೆ. ಅದೇನ್ ಪುಸ್ತಕ, ಓದ್ಲಿ ನೋಡಾಣ."

ಓದಿದೆ. ಮೊದಲ ಪುಟದಲ್ಲೇ ಅವರ ಊರು, ಚಿಲಕ, ಗಂಟು. ಎರಡನೇ ಪುಟದಲ್ಲಿ ಹೆಣ. ಪಕ್ಕದಲ್ಲಿ ಮನುಷ್ಯರೊಬ್ಬರ ಹಣೆಯಿಂದ ರಕ್ತ ಇಳಿಯುತ್ತಿರುವಾಗ ನಾನು ರಕ್ತದ ವರ್ಣನೆ ಓದುತ್ತಿದ್ದೆ. ನಿಲ್ಲಿಸಲು ಧೈರ್ಯವಾಗಲಿಲ್ಲ. ಜನ ಸುಮ್ಮನಾದರು. ಪುಟ ತಿರುಗಿಸುವಾಗ ಬಾಯಿ ಒಣಗಿ ಒಂದು ಕ್ಷಣ ತಡೆದೆ. ದೊಣ್ಣೆ ಹಿಡಿದವನೇ ಕೇಳಿದ: "ಆಮೇಲೇನಾತು?"

ಆ ಪ್ರಶ್ನೆ ಈಗಲೂ ಕಿವಿಯಲ್ಲಿದೆ. ಪೊಲೀಸ್ ಜೀಪು ಬರುವವರೆಗೂ ಓದಿದೆ. ಅಜ್ಜನ ಹಣೆಗೆ ಹೊಸದುರ್ಗದಲ್ಲಿ ಹೊಲಿಗೆ ಹಾಕಿಸಿದೆವು. ಅಣ್ಣ ಬಂದು ಅವರ ಕಾಲು ಹಿಡಿದ. ಅವರು ಕಾಲು ಹಿಂದಕ್ಕೆಳೆದುಕೊಂಡರು.

ಸುದ್ದಿಯಿಂದಾಗಿ ಪುಸ್ತಕ ಇನ್ನೂ ಜೋರಾಗಿ ಖರ್ಚಾಯಿತು. ಗಂಟು ಇರುವ ಪ್ರತಿಯೇ ಬೇಕು ಎಂದು ಜನ ಕೇಳತೊಡಗಿದರು. ಉಳಿದ ಗಂಟುಗಳನ್ನೆಲ್ಲ ಅಣ್ಣ ಒಲೆಗೆ ಹಾಕಿದ, ಸುಟ್ಟ ಉಣ್ಣೆಯ ವಾಸನೆ ಮನೆಯಿಂದ ಬೇಗ ಹೋಗಲಿಲ್ಲ. ನನಗೆ ನಿದ್ದೆ ಬಿಟ್ಟುಹೋಯಿತು. ಕಣ್ಣು ಮುಚ್ಚಿದರೆ ದೊಣ್ಣೆಯ ತುದಿ ಕಂಬಳಿಯ ಅಂಚನ್ನು ಮಡಚುತ್ತಿತ್ತು. ಎದ್ದು ಹೋಗಿ ನಮ್ಮ ಮನೆಯ ಚಿಲಕ ಮುಟ್ಟಿ ನೋಡಿ ಬರುತ್ತಿದ್ದೆ. ಆ ವರ್ಷ ನಮ್ಮ ಹೊಲಕ್ಕೆ ಮಂದೆ ಬರಲಿಲ್ಲ. ಅಜ್ಜ ಆ ದಾರಿಯನ್ನೇ ಬಿಟ್ಟರು ಎಂದು ಕೇಳಿದೆವು.

ಮರುವರ್ಷ, ಕಟಾವು ಮುಗಿದ ಮೇಲೆ ಒಂದು ಸಂಜೆ, ಹೊಲದ ಬದುವಿನಲ್ಲಿ ಧೂಳೆದ್ದಿತು. ಕುರಿಗಳ ಹಿಂದೆ ಅಜ್ಜ. ಹಣೆಯಲ್ಲಿ ಬಿಳಿ ಗೆರೆ, ಕೈಯಲ್ಲಿ ನೂಲುವ ಕದಿರು, ಕದಿರಿನಲ್ಲಿ ಅದೇ ಕರಿ ಉಣ್ಣೆ.

"ನೀವು ಬರಲ್ಲ ಅಂದ್ಕೊಂಡಿದ್ದೆ" ಎಂದೆ.

"ಹೊಲ ಏನ್ ಮಾಡಿತ್ತವ್ವ" ಎಂದರು. ಕುರಿಗಳನ್ನು ಹೊಲಕ್ಕೆ ಬಿಟ್ಟು, "ನಿಮ್ಮಣ್ಣ ಈಗೇನ್ ಬರೀತವ್ನೆ?"

"ಏನೂ ಬರೀತಿಲ್ಲ."

"ಬರೀಲಿ ಬಿಡು. ಚಿಲಕದ ತಂಟೆಗೆ ಹೋಗದು ಬ್ಯಾಡ" ಎಂದು ಅವರು ಕಂಬಳಿ ಕೊಡವಿ, ನಮ್ಮ ಹೊಲದಲ್ಲಿ ಹಾಸಿದರು.

ಅವತ್ತು ಮಲಗಿದವಳಿಗೆ ಎಚ್ಚರವಾದದ್ದು ಕುರಿಮರಿಗಳ ಕೂಗಿಗೆ. ಕಿಟಕಿಯಲ್ಲಿ ಆಗಲೇ ಬಿಸಿಲಿತ್ತು.