ನಿಲ್ಲಿಸದೆ ಹೋದ ಆರ್‌ಡಿ

ಕಳೆದ ವಾರ ನಮ್ಮ ಸಾಗರದ ಮನೆಯ ಕಾಂಪೌಂಡಿನಲ್ಲಿ ಹುಲ್ಲು ಹೊಡೆಯಲು ಬಂದವನು ತನ್ನ ಮಶಿನ್ನಿನ ಹಗ್ಗವನ್ನು ನಾಲ್ಕು ಸಲ ಎಳೆದ. ಐದನೆಯ ಸಲಕ್ಕೆ ಅದು ಕೆಮ್ಮಿ ಒಂದು ಮುಷ್ಟಿ ನೀಲಿ ಹೊಗೆ ಬಿಟ್ಟಿತು. ಪೆಟ್ರೋಲಿನ ಜೊತೆ ಟೂಟಿ ಆಯಿಲ್ ಸುಟ್ಟ ವಾಸನೆ. ನಿಮಗೆ ಅದು ಪೊಲ್ಯೂಷನ್ ಇರಬಹುದು, ನನಗೆ ಪರ್ಫ್ಯೂಮ್. ಟೀ ಕಪ್ಪನ್ನು ಕಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡೆ.

"ಟೀಚರ್, ದೂರ ನಿಂತ್ಕಳಿ, ಹೊಗೆ ಬತ್ತದೆ" ಎಂದ.

"ಬರ್ಲಿ ಬಿಡೋ. ಇನ್ನೊಂಚೂರು ರೇಸ್ ಮಾಡು" ಎಂದೆ. ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಅಂದು ಸಂಜೆಯೊಳಗೆ ಕೇರಿಯೆಲ್ಲ ಮುಟ್ಟಿರಬೇಕು.

ಆ ವಾಸನೆ ಅಣ್ಣಯ್ಯನ ಆರ್‌ಡಿ ತ್ರೀಫಿಫ್ಟಿ ಬೈಕಿನದು. ಎಂಬತ್ತರ ದಶಕದ ನಡುವೆ ತೀರ್ಥಹಳ್ಳಿ, ಹೊಸನಗರ, ಸಾಗರ, ಈ ಮೂರೂ ತಾಲ್ಲೂಕಿನಲ್ಲಿ ಅಂಥದ್ದು ಎರಡು ಇತ್ತು ಎನ್ನುವವರಿದ್ದಾರೆ. ಎರಡನೆಯದನ್ನು ನಾನಂತೂ ನೋಡಲಿಲ್ಲ. ಅಪ್ಪಯ್ಯನ ಹತ್ತಿರ ಬುಲೆಟ್ ಇತ್ತು. ಅದು ಉಂಡು ಎಲೆ ಹಾಕಿಕೊಂಡ ಯಜಮಾನರ ಹಾಗೆ ಡುಗುಡುಗು ಅನ್ನುತ್ತ ಹೋಗುತ್ತಿತ್ತು. ಆರ್‌ಡಿಯ ಜಾತಿಯೇ ಬೇರೆ. ಎರಡು ಸಿಲಿಂಡರು, ಎರಡು ಸೈಲೆನ್ಸರು, ಮೂವತ್ತು ಹಾರ್ಸ್‌ಪವರ್. ಐದು ಸಾವಿರ ಆರ್‌ಪಿಎಂ ತನಕ ಸಭ್ಯಸ್ಥನ ಹಾಗಿದ್ದು, ಅದರಾಚೆ ಹಿಂದಿನಿಂದ ಯಾರೋ ಎರಡೂ ಕೈಯಲ್ಲಿ ದೂಡಿದಂತೆ ಹಾರುತ್ತಿತ್ತು. ಈಗಿನ ಹುಡುಗರು ಇನ್ನೂರು ಹಾರ್ಸ್‌ಪವರಿನ ಮಾತಾಡುತ್ತಾರೆ. ಆಡಲಿ. ನಮ್ಮ ರಸ್ತೆಗೆ, ನಮ್ಮ ತಿರುವಿಗೆ ಮೂವತ್ತೇ ಮುನ್ನೂರಾಗಿತ್ತು. ಒಂದು ಮೈಲಿ ಆಚೆ ಬರುವಾಗಲೇ ಅದರ ಸದ್ದು ಕೇಳಿಸುತ್ತಿತ್ತು. ಈ ಸದ್ದಿನ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇಷ್ಟು ಫಾಸ್ಟ್ ಬೈಕು ಇಟ್ಟುಕೊಂಡ ಅಣ್ಣಯ್ಯ ಮಾತ್ರ ಎಲ್ಲಿಗೂ ಟೈಮಿಗೆ ಮುಟ್ಟಿದವನಲ್ಲ. ನಮ್ಮ ಕಡೆ ದಾರಿಯಲ್ಲಿ ಗುರುತಿನವರು ಸಿಕ್ಕಿದರೆ ಮಾತಾಡಿಸದೆ ಹೋಗುವಂತಿಲ್ಲ. ನಡೆದು ಹೋಗುವವನಾದರೆ ನಿಲ್ಲಬೇಕು, ಗಾಡಿಯವನಾದರೆ ಇಂಜಿನ್ ಆಫ್ ಮಾಡಿ ಇಳಿಯಬೇಕು. ಹಾಗೇ ದಾಟಿಹೋದರೆ ಅದು ಮರೆವಲ್ಲ, ಅವಮಾನ. ಅಣ್ಣಯ್ಯನಿಗೋ ಗುರುತಿಲ್ಲದವರೇ ಇರಲಿಲ್ಲ. ಅವನ ಬೈಕಿನಲ್ಲಿ ಎಲ್ಲಕ್ಕಿಂತ ಸವೆದ ಪಾರ್ಟು ಸೈಡ್ ಸ್ಟ್ಯಾಂಡು.

ನನ್ನದು ಶಿವಮೊಗ್ಗದ ಕಾನ್ವೆಂಟು. 'ಯಂಗ್ ಲೇಡೀಸ್ ನೆವರ್ ಹರಿ', ಹುಡುಗಿಯರು ಅವಸರ ಮಾಡಬಾರದು ಎಂದು ಸಿಸ್ಟರ್ ಒಬ್ಬರು ದಿನಾ ಹೇಳುತ್ತಿದ್ದರು. ಅಷ್ಟೆಲ್ಲ ಇಂಗ್ಲಿಷ್ ಕಲಿತು ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದೆ. ಹೆಣ್ಣುಮಗಳು ಪರ ಊರಲ್ಲಿ ಕೆಲಸಕ್ಕೆ ಹೋಗುವುದು ಅಪ್ಪಯ್ಯನಿಗೆ ಸುತರಾಂ ಇಷ್ಟವಿಲ್ಲ. ಅಣ್ಣಯ್ಯ ತಿಂಗಳುಗಟ್ಟಲೆ ಹಿಂದೆ ಬಿದ್ದು ಒಪ್ಪಿಸಿದ. ಸಾಗರದ ಹೈಸ್ಕೂಲೊಂದಕ್ಕೆ ಇಂಟರ್‌ವ್ಯೂ ಕೊಟ್ಟು ಬಂದೆ. ಆರ್ಡರೂ ಬಂತು. ಆದರೆ ಬಂದದ್ದು ನಮ್ಮ ಮನೆಗಲ್ಲ, ರಸ್ತೆ ಬದಿಯ ಅಂಗಡಿಗೆ. ಪೋಸ್ಟ್‌ಮ್ಯಾನ್ ಒಳಗಿನ ಮನೆಗಳ ಕಾಗದವನ್ನೆಲ್ಲ ಅಲ್ಲೇ ಕೊಟ್ಟುಹೋಗುವುದು, ಆ ಕಡೆಯಿಂದ ಬರುವವರು ಯಾರಾದರೂ ತಂದುಕೊಡುವುದು ವಾಡಿಕೆ. ಆ ವಾರ ಯಾರೂ ಬರಲಿಲ್ಲ. ಕಾಗದ ಬೆಲ್ಲದ ಡಬ್ಬದ ಕೆಳಗೆ ಎಂಟು ದಿನ ತಣ್ಣಗೆ ಮಲಗಿತ್ತು.

ಕೈಗೆ ಸಿಕ್ಕಾಗ ಮಧ್ಯಾಹ್ನ ಒಂದು ಗಂಟೆ. ಅದೇ ದಿನ ಸಂಜೆ ಐದರೊಳಗೆ ಜಾಯಿನ್ ಆಗದಿದ್ದರೆ ಕೆಲಸ ಲಿಸ್ಟಿನಲ್ಲಿ ಮುಂದಿನವರಿಗೆ ಎಂದು ಕೊನೆಯ ಸಾಲಿನಲ್ಲಿತ್ತು. ಸಾಗರದ ಬಸ್ಸು ಹೋಗಿಯಾಗಿತ್ತು. "ಇದು ತಪ್ಪಿತು ಅಂತ ಇನ್ನೊಂದು ಕೆಲ್ಸಕ್ಕೆ ಕಳಿಸು ಅಂದ್ರೆ ನಾ ಒಪ್ಪಲ್ಲ" ಎಂದು ಅಪ್ಪಯ್ಯ ಪೇಪರ್ ಬಿಡಿಸಿದರು. ಅಣ್ಣಯ್ಯ ಆರ್‌ಡಿಗೆ ಕಿಕ್ ಹೊಡೆದ. ನಾನು ಸೀರೆಯಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು, ಫೈಲನ್ನು ಎದೆಗೊತ್ತಿಕೊಂಡು ಕೂತೆ.

ಮೂರು ಮೈಲಿ ಹೋಗಿಲ್ಲ, ಅವನ ಹಳೆಯ ಮೇಷ್ಟ್ರು ಸಿಕ್ಕಿದರು. ಇಳಿದ. ಮುಂದೆ ಗದ್ದೆಯ ಬದುವಿನಲ್ಲಿ ಯಾರೋ ಟವೆಲ್ ಬೀಸಿದರು, ಇಳಿದ. ಒಬ್ಬರ ಎಮ್ಮೆ ಕಂದು ಹಾಕಿತ್ತು, ಇನ್ನೊಬ್ಬರ ಸೊಂಟ ಹಿಡಿದಿತ್ತು. ಹೊಸನಗರದವರೆಗಷ್ಟೇ ಹೋಗುವ ಬಸ್ಸನ್ನು ನಾವು ಐದು ಸಲ ಹಿಂದೆ ಹಾಕಿದೆವು, ಅದು ನಮ್ಮನ್ನು ಆರು ಸಲ. ಕೊನೆಗೆ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, "ಗೌಡ್ರೇ, ಹಗ್ಗ ಕಟ್ಟಿ ಎಳ್ಕಂಡು ಹೋಗಣಾ?" ಎಂದು ಕೂಗಿದ.

ಹೊಸನಗರ ಮುಟ್ಟಿದಾಗ ಮೂರೂ ಮುಕ್ಕಾಲು. ಅಲ್ಲಿ ಅವನ ಜೀವದ ಗೆಳೆಯ, ಟೈಲರ್ ರಜಾಕ್. ಅಂಗಡಿಯ ಮುಂದೆ ಬೈಕು ತಾನಾಗಿ ನಿಂತಿತು. ನನಗೆ ಅಳು ಬಂತು. ಅಣ್ಣಯ್ಯ ನನ್ನ ಮುಖ ನೋಡಿ, ಹೆಲ್ಮೆಟ್ ತೆಗೆದು, ತಲೆ ಕೆರೆದುಕೊಂಡ.

"ನೋಡೇ ಮಾರಾಯ್ತಿ, ಮುಂದಿನ ದಾರಿ ಪೂರಾ ನೆಂಟರು. ನಂಗೆ ಅವ್ರನ್ನ ದಾಟಿ ಹೋಗಾಕೆ ಬರಲ್ಲ. ಕೈಯೇ ಬ್ರೇಕ್ ಹಿಡೀತದೆ. ನೀ ಹೋಗು."

"ನಾನೊಬ್ಳೇ?"

"ಮೂರು ಭಾನುವಾರ ಬೇಣದ ಹುಲ್ಲುಬಯಲಲ್ಲಿ ಬೈಕು ಕಲಿಸಿದ್ದು ಎಂತಕ್ಕೆ? ಚೆನ್ನಾಗಿ ಓಡಿಸ್ತೀಯ."

ರಜಾಕ್ ಯಾವುದೋ ಗಿರಾಕಿಗೆ ಹೊಲಿದು ಇಸ್ತ್ರಿ ಮಾಡಿ ನೇತುಹಾಕಿದ್ದ ಪ್ಯಾಂಟು ಇಳಿಸಿಕೊಟ್ಟು, "ಬಸ್ಸಲ್ಲಿ ವಾಪಸ್ ಕಳ್ಸಿ ತಂಗೀ, ನಾಡಿದ್ದು ಅವ್ರ ಮದ್ವೆ" ಎಂದ. ಅಣ್ಣಯ್ಯ ತನ್ನ ಜರ್ಕಿನ್ನು ತೊಡಿಸಿ, ಮುಖ ಮುಚ್ಚುವ ಹೆಲ್ಮೆಟ್ಟಿನ ಪಟ್ಟಿ ತಾನೇ ಬಿಗಿದ. "ಈಗ ನೋಡಿದವ್ರು ನಾನೇ ಅಂದ್ಕಂತಾರೆ. ಯಾರು ಕೈ ಎತ್ತಿದ್ರೂ ನಿಲ್ಲಿಸ್ಬೇಡ."

ಸುಳ್ಳು ವಿನಯ ಬೇಡ, ನಾನು ಚೆನ್ನಾಗಿಯೇ ಓಡಿಸಿದೆ. ಊರು ದಾಟಿ ಥರ್ಡ್ ಗೇರಿಗೆ ಹಾಕಿ ಆಕ್ಸಲರೇಟರ್ ತಿರುವಿದಾಗ ಮುಂದಿನ ಚಕ್ರ ಹಗುರಾಯಿತು, ಹೊಟ್ಟೆ ಹಿಂದೆ ಉಳಿಯಿತು. ಆ ಒಂದು ಕ್ಷಣ ಕೆಲಸ, ಅಪ್ಪಯ್ಯ, ಸಿಸ್ಟರ್ ಎಲ್ಲರೂ ಹಿಂದಕ್ಕೆ ಬಿದ್ದರು. ಯಂಗ್ ಲೇಡಿ ವಾಸ್ ಇನ್ ಎ ಹರಿ. ರಸ್ತೆ ಬದಿಯಲ್ಲಿ ಕೈಗಳು ಎದ್ದವು, ಕೊಡೆಗಳು ಎದ್ದವು. ನಾನು ಯಾವುದನ್ನೂ ನೋಡಲಿಲ್ಲ, ಒಂದರ ಹೊರತು.

ಸಾವಿತ್ರತ್ತೆ, ಅಪ್ಪಯ್ಯನ ತಂಗಿ. ಅವರ ಮನೆ ಸಾಗರದ ದಾರಿಯಲ್ಲಿ ರಸ್ತೆಗೇ ಅಂಟಿಕೊಂಡಿದೆ. ಬೈಕಿನ ಸದ್ದು ದೂರದಲ್ಲೇ ಕೇಳಿ, ಅಣ್ಣನ ಮಗ ಬಂದ ಎಂದು, ಒಲೆಯ ಮುಂದಿದ್ದವರು ಎದ್ದು, ಅವನಿಗೆಂದೇ ತೆಗೆದಿಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ರಸ್ತೆಗೆ ಬಂದು ನಿಂತಿದ್ದರು. ನಗುತ್ತಿದ್ದರು. ಕೈ ಎತ್ತಲಿಲ್ಲ, ಎತ್ತಲು ಕೈ ಖಾಲಿ ಇರಲಿಲ್ಲ. ನಿಂತರೆ ಹೆಲ್ಮೆಟ್ ತೆಗೆಯಬೇಕು, ತೆಗೆದರೆ ಕಥೆ ಹೇಳಬೇಕು, ಹೇಳಿದರೆ ಕಾಫಿ ಕುಡಿಯಬೇಕು. ನಾನು ಆಕ್ಸಲರೇಟರ್ ತಿರುವಿದೆ. ಕನ್ನಡಿಯಲ್ಲಿ ಕಂಡದ್ದು ಇಷ್ಟು: ಧೂಳು, ನೀಲಿ ಹೊಗೆ, ಅದರ ನಡುವೆ ಭರಣಿ ಹಿಡಿದು ಹಾಗೇ ನಿಂತ ಅತ್ತೆ.

ಸೀಟಿಗೆ ಕಟ್ಟಿ ತಂದಿದ್ದ ಸೀರೆಯನ್ನು ಶಾಲೆಯ ಬಚ್ಚಲಲ್ಲಿ ಪ್ಯಾಂಟಿನ ಮೇಲೇ ಸುತ್ತಿಕೊಂಡು ಐದಕ್ಕೆ ಹತ್ತು ನಿಮಿಷ ಇರುವಾಗ ಸಹಿ ಹಾಕಿದೆ. ಆ ಸಹಿಯಿಂದ ಮೂವತ್ತೈದು ವರ್ಷ ಅನ್ನ ಉಂಡೆ, ಇದೇ ಸಾಗರದಲ್ಲಿ ನನ್ನದೇ ಹೆಸರಿನ ಮನೆ ಕಟ್ಟಿದೆ.

ಅಣ್ಣಯ್ಯ ಸಂಜೆಯ ಬಸ್ಸಿಗೆ ಬಂದು ಬೈಕು ತೆಗೆದುಕೊಂಡು ಹೋದ. ದಾರಿಯಲ್ಲಿ ಅತ್ತೆಯ ಮನೆ ಮುಂದೆ ನಿಲ್ಲಿಸಿದ, ಅವನು ನಿಲ್ಲಿಸದೆ ಇರುತ್ತಾನೆಯೇ? ಅತ್ತೆ ಹೊರಗೆ ಬರಲಿಲ್ಲ. "ಅರ್ಜೆಂಟಿದ್ದವ್ರು ಹೋಗ್ಲಿ. ಇಲ್ಲಿ ಯಾರೂ ಕಾಯ್ತಾ ಕೂತಿಲ್ಲ" ಎಂದು ಒಳಗಿನಿಂದಲೇ ಅಂದರಂತೆ. ಹುಡುಗಿಯೊಬ್ಬಳು ಪ್ಯಾಂಟು ತೊಟ್ಟು ಆರ್‌ಡಿ ಹಾರಿಸಿದ ಸುದ್ದಿ ಅತ್ತೆಗೆ ತಿಳಿದರೆ ಅಪ್ಪಯ್ಯನಿಗೂ ತಿಳಿದಂತೆ, ಅಪ್ಪಯ್ಯನಿಗೆ ತಿಳಿದರೆ ನನ್ನ ಕೆಲಸ ಮುಗಿದಂತೆ. ಅಣ್ಣಯ್ಯ, "ಹೌದತ್ತೆ, ಅರ್ಜೆಂಟಿತ್ತು" ಎಂದಷ್ಟೇ ಹೇಳಿ ಬಂದ. ಅತ್ತೆ ಮೂರು ವರ್ಷ ಅವನ ಹತ್ತಿರ ಮಾತು ಬಿಟ್ಟರು. ದಾರಿಹೋಕರನ್ನೂ ಮಾತಾಡಿಸದೆ ಬಿಡದವನು ಪ್ರತಿ ಸಲ ಆ ಮನೆಯ ಮುಂದೆ ಬೈಕು ನಿಲ್ಲಿಸಿ, ಮುಚ್ಚಿದ ಬಾಗಿಲು ನೋಡಿ, ಮತ್ತೆ ಕಿಕ್ ಹೊಡೆದು ಹೋಗುತ್ತಿದ್ದ. ಕೊನೆಗೆ ತನ್ನ ಮದುವೆಗೆ ಕರೆಯಲು ಹೋಗಿ, ತಾನು ಮಾಡದ ತಪ್ಪಿಗೆ ಕಾಲಿಗೆ ಬಿದ್ದು ಬಂದ. ನಾನು ಆಗಲೂ ಬಾಯಿ ಬಿಡಲಿಲ್ಲ. ಆಮೇಲೆ ಅಪ್ಪಯ್ಯ ಹೋದರು, ಹೆದರುವ ಕಾರಣವೂ ಹೋಯಿತು. ಬಾಯಿ ಮಾತ್ರ ಮುಚ್ಚಿಯೇ ಇತ್ತು.

ಹುಲ್ಲು ಹೊಡೆಯುವವನ ಆ ಹೊಗೆ ಮೂಗಿನಿಂದ ಇಳಿದು ಎದೆಯಲ್ಲಿ ಕೂತುಬಿಟ್ಟಿತು. ಅಣ್ಣಯ್ಯನ ಮಗಳು ದೀಪ್ತಿ ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರು. ಅವಳ ಹತ್ತಿರ ಸಾವಿರ ಸಿಸಿಯ ರಾಕ್ಷಸನಂಥ ಬೈಕಿದೆ. ಫೋನು ಮಾಡಿ, "ಭಾನುವಾರ ಬಾರೇ, ಸಾವಿತ್ರಜ್ಜಿಯ ಮನೆಗೆ ಹೋಗಬೇಕು" ಎಂದೆ. ಈಗ ಚೂಡಿದಾರ, ಎರಡೂ ಕಡೆ ಕಾಲು. ಆ ಬೈಕಿಗೆ ಹೊಗೆಯಿಲ್ಲ, ವಾಸನೆಯಿಲ್ಲ. ಆದರೆ ದೂಡುವುದನ್ನು ಅದೂ ಬಲ್ಲದು. ಐ ಮಸ್ಟ್ ಬಿ ಫೇರ್.

ತೊಂಬತ್ತರ ಹತ್ತಿರದ ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ನಾನು ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದೆ. ಕಾಗದ, ರಜಾಕನ ಪ್ಯಾಂಟು, ಹೆಲ್ಮೆಟ್ಟು, ಭರಣಿ. ಅತ್ತೆ ಚಾಚಿದ ಕಾಲು ಮಡಚಿ ನೆಟ್ಟಗೆ ಕೂತರು.

"ಹಂಗಾದ್ರೆ ಆ ಮೂರು ವರ್ಷದ ಸಿಟ್ಟು ನಿಂದು."

"ಹೌದತ್ತೆ."

"ಸುಮ್ಮನೆ ಆ ಪಾಪದವನಿಗೆ ಕೊಟ್ಟೆ." ದೀಪ್ತಿಯ ಕಡೆ ತಿರುಗಿದರು. "ನಿನ್ನಪ್ಪಂಗೆ ಫೋನ್ ಹಚ್ಚು."

ಫೋನಿನಲ್ಲಿ ಅಣ್ಣಯ್ಯನ ಹತ್ತಿರ ಏನು ಮಾತಾಡಿದರೋ, ಸೆರಗು ಮಾತ್ರ ಕಣ್ಣಿಗೆ ಹೋಯಿತು. ಮುಗಿಸಿ ಫೋನು ವಾಪಸ್ ಕೊಟ್ಟು, ನನ್ನತ್ತ ನೋಡದೆ, ದೀಪ್ತಿಗೆ ಅಂದರು: "ನಿನ್ನ ಅತ್ತೆಗೆ ಹೇಳು. ಇವತ್ತಿಂದ ಮೂರು ವರ್ಷ ನಂಗೂ ಅವಳಿಗೂ ಮಾತಿಲ್ಲ."

"ಅಜ್ಜೀ, ಮೂರು ವರ್ಷಾನಾ?" ದೀಪ್ತಿ ನಕ್ಕಳು.

"ಹ್ಞೂಂ. ಬದುಕ್ತೀನಿ, ನೋಡ್ತಾ ಇರು. ಕೇಳು ಅವಳಿಗೆ, ಕಾಫಿಗೆ ಸಕ್ಕರೆ ಹಾಕ್ತಾಳೋ, ಶುಗರ್ರೋ ಅಂತ."

"ಅರ್ಧ ಚಮಚ ಅಂತ ಹೇಳೇ" ಎಂದೆ ನಾನು ದೀಪ್ತಿಗೆ.

ಹೊರಡುವಾಗ ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಒಂದು ಭರಣಿ ತಂದರು. ನನ್ನ ಕೈಗೆ ಕೊಡಲಿಲ್ಲ, ನನ್ನ ಪಕ್ಕದ ಕಟ್ಟೆಯ ಮೇಲಿಟ್ಟರು. ಬರುವಾಗ ಹಿಂದಿನ ಸೀಟಿನಲ್ಲಿ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದೆ. ಬಸ್‌ಸ್ಟಾಪಿನ ಹತ್ತಿರ ಯಾರೋ ಮುದುಕರು ಗುರುತು ಹಿಡಿದವರಂತೆ ಕೈ ಎತ್ತಿದರು. ಎತ್ತಲು ನನ್ನ ಕೈ ಖಾಲಿ ಇರಲಿಲ್ಲ.

"ನಿಲ್ಸೇ" ಎಂದೆ.